ಕಾದಂಬರಿಯ ಮದ್ದಿನ ಹುಡುಗಿಗೆ ಒಂದು ಚೀಲ ಬಟ್ಟೆ ಕೊಡಿ

ಪ್ರಶ್ನೆ: ನಾನೊಂದು ಕಲ್ಪನಾಲೋಕದ ಕಾದಂಬರಿ ಬರೆಯುತ್ತಿದ್ದೇನೆ. ಎರಡು ರಾಜ್ಯಗಳ ನಡುವೆ ಹನ್ನೊಂದು ವರ್ಷದಿಂದ ಯುದ್ಧ ನಡೆದಿದೆ. ಗಡಿಯ ಹಳ್ಳಿಯೊಂದರಲ್ಲಿ ತೊರೆ ಎಂಬ ಹದಿನೇಳು ವರ್ಷದ ಹುಡುಗಿ ಜನರಿಗೆ ಮದ್ದು ಮಾಡುತ್ತಾಳೆ. ಅವಳ ಅಂಗೈಯಲ್ಲಿ ಗಾಯ ಮಾಯಿಸುವ ಶಕ್ತಿಯೂ ಇದೆ. ತುಂಬಾ ಕರುಣೆಯ ಹುಡುಗಿ. ಐದು ಅಧ್ಯಾಯ ಓದಿದ ಗೆಳತಿಯರು 'ಅವಳು ಜಾಸ್ತಿ ಒಳ್ಳೆಯವಳು, ಅದಕ್ಕೇ ಬೋರು, ಯಾವಾಗಲೂ ಅಳ್ತಾನೇ ಇರ್ತಾಳೆ' ಅಂದರು. ಅವಳ ಒಳ್ಳೆಯತನ ಕಡಿಮೆ ಮಾಡಬೇಕೇ? ಆಸ್ಪತ್ರೆ, ಔಷಧಿ ಇಲ್ಲದ ಲೋಕದಲ್ಲಿ ಅವಳ ಕೈಲಿ ನಿಜಕ್ಕೂ ಏನಾಗುತ್ತದೆ? ಆರನೇ ಅಧ್ಯಾಯದಲ್ಲಿ ಶತ್ರು ಸೈನಿಕನೊಬ್ಬ ಗಾಯಗೊಂಡು ಅವಳ ಬಾಗಿಲಿಗೆ ಬರುತ್ತಾನೆ. ಅಲ್ಲಿಂದ ಮುಂದೆ ಒಂದು ಸಾಲೂ ಹೋಗುತ್ತಿಲ್ಲ.

ಉತ್ತರ: ಅವಳ ಒಳ್ಳೆಯತನವನ್ನು ಒಂದು ಚೂರೂ ಕಡಿಮೆ ಮಾಡಬೇಡಿ. ನೀವು ಕಳಿಸಿದ ಮೂರನೇ ಅಧ್ಯಾಯವನ್ನು ಎರಡು ಸಲ ಓದಿದೆ. ಗಾಯಗೊಂಡವನನ್ನು ಹೊತ್ತು ತರುತ್ತಾರೆ. ತೊರೆ ಓಡಿ ಬರುತ್ತಾಳೆ, ಮಂಡಿಯೂರುತ್ತಾಳೆ, ಕಣ್ಣೀರು ಹಾಕುತ್ತಾಳೆ, ಕೈ ಇಡುತ್ತಾಳೆ, ಗಾಯ ಮಾಯುತ್ತದೆ. ಗಾಯ ಎಲ್ಲಾಗಿತ್ತು? ತೊಡೆಗೋ, ಹೊಟ್ಟೆಗೋ? ರಕ್ತ ಚಿಮ್ಮುತ್ತಿತ್ತೋ, ಒಸರುತ್ತಿತ್ತೋ? ಅವನಿಗೆ ಮಾತು ಬರುತ್ತಿತ್ತೋ, ಇಲ್ಲವೋ? ಓದುವವರಿಗೆ ಒಂದೂ ಗೊತ್ತಾಗುವುದಿಲ್ಲ. ತೊರೆಗೂ ಗೊತ್ತಿದ್ದಂತಿಲ್ಲ. ಮಾಡಲು ಕೆಲಸವಿಲ್ಲದ್ದಕ್ಕೇ ಪಾಪ ಅವಳು ಅಳುತ್ತಾಳೆ. ಅವಳಿಗೆ ಕೆಲಸ ಕೊಡಿ.

ನಾನು ಸರ್ಜನ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಅಪಘಾತದಲ್ಲಿ ಗಾಯಗೊಂಡ ಏಳೆಂಟು ಜನರನ್ನು ಒಟ್ಟಿಗೇ ತಂದರು. ಒಬ್ಬ ಕಾಲು ಹಿಡಿದುಕೊಂಡು ಕಿರುಚುತ್ತಿದ್ದ. ನಾನು ಅವನ ಹತ್ತಿರ ಓಡಿದೆ. ಹಿರಿಯ ನರ್ಸ್ ಒಬ್ಬರು ನನ್ನ ತೋಳು ಹಿಡಿದು, ಮೂಲೆಯಲ್ಲಿ ಸುಮ್ನೆ ಮಲಗಿದ್ದವನ ಕಡೆ ತಿರುಗಿಸಿದರು. 'ಕೂಗೋನಿಗೆ ಉಸಿರಿದೆ ಡಾಕ್ಟ್ರೇ. ಮೊದಲು ಇವನನ್ನ ನೋಡಿ.' ಅವನ ಹಣೆ ತಣ್ಣಗಿತ್ತು, ಬೆವರಿತ್ತು. ನಾಡಿ ನೂಲಿನ ಹಾಗೆ ಸಿಕ್ಕಿ ಸಿಕ್ಕಿ ತಪ್ಪುತ್ತಿತ್ತು. ಹೊಟ್ಟೆ ಮುಟ್ಟಿದರೆ ಹಲಗೆ. ಒಳಗೇ ರಕ್ತ ಸೋರುತ್ತಿತ್ತು. ಅವನು ಬದುಕಿದ. ಆ ನರ್ಸ್ ಅಷ್ಟು ಹೊತ್ತೂ ಯಾರಿಗೂ ಸಮಾಧಾನದ ಮಾತು ಹೇಳಿದ್ದು ನನಗೆ ನೆನಪಿಲ್ಲ. ಆದರೆ ಅವರಷ್ಟು ದಯೆ ಇರುವವರನ್ನು ನಾನು ಹೆಚ್ಚು ನೋಡಿಲ್ಲ. ತೊರೆಯನ್ನು ನೆನೆದಾಗೆಲ್ಲ ನನಗೆ ಅವರ ಆ ಕೈ ಕಣ್ಣಮುಂದೆ ಬರುತ್ತದೆ.

ಹಾಗಾಗಿ ಮೊದಲು ಒಂದು ಕಷ್ಟದ ಬೆಳಗನ್ನು ಬರೆಯಿರಿ. ಅಂಗಳದಲ್ಲಿ ಒಂಬತ್ತು ಜನ ಗಾಯಾಳುಗಳು. ಅವಳಿಗಿರುವುದು ಎರಡು ಕೈ. ಯಾರನ್ನು ಮೊದಲು ನೋಡುತ್ತಾಳೆ? ಈ ಪ್ರಶ್ನೆ ಬಹಳ ಹಳೆಯದು. ಈಜಿಪ್ಟಿನಲ್ಲಿ ಸಿಕ್ಕ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ಸುರುಳಿ ಕ್ರಿ.ಪೂ. 1600ರ ಸುಮಾರಿನದು. ಅದರಲ್ಲಿ 48 ಗಾಯಾಳುಗಳ ವಿವರವಿದೆ. ಗಾಯವನ್ನು ಮುಟ್ಟಿ ನೋಡಿದ ಮೇಲೆ ವೈದ್ಯ ಮೂರರಲ್ಲಿ ಒಂದು ತೀರ್ಪು ಹೇಳಬೇಕು: ಇದನ್ನು ನಾನು ವಾಸಿ ಮಾಡುತ್ತೇನೆ, ಇದರ ಜೊತೆ ಹೋರಾಡುತ್ತೇನೆ, ಇದಕ್ಕೆ ಮದ್ದಿಲ್ಲ. ಮೂರನೆಯ ಮಾತನ್ನು ಹದಿನೇಳರ ಹುಡುಗಿಯ ಬಾಯಲ್ಲಿ ಇಟ್ಟು ನೋಡಿ. ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ಎದುರಿಗೆ ಕೂತಿದ್ದಾಳೆ. ತೊರೆ ಅದನ್ನು ಬಾಯಿಬಿಟ್ಟು ಹೇಳುತ್ತಾಳೋ, ನೀರು ಕುಡಿಸಿ ಸುಮ್ಮನೆ ಮುಂದಿನವನ ಹತ್ತಿರ ಹೋಗುತ್ತಾಳೋ? ನೆಪೋಲಿಯನ್ನನ ಸೈನ್ಯದಲ್ಲಿದ್ದ ಸರ್ಜನ್ ಡೊಮಿನಿಕ್ ಲ್ಯಾರೆ ಒಂದು ನಿಯಮ ಮಾಡಿದ್ದ. ಗಾಯದ ತೀವ್ರತೆ ನೋಡಿ ಮದ್ದು, ದರ್ಜೆ ನೋಡಿ ಅಲ್ಲ. ನಿಮ್ಮ ಲೋಕದಲ್ಲಿ ದಳಪತಿಯ ಕೈಬೆರಳಿಗಿಂತ ಕೂಲಿಯವನ ತೊಡೆ ಮೊದಲು ಅಂತ ಅವಳು ಹೇಳಿದರೆ ಏನಾಗುತ್ತದೆ? ಅಲ್ಲಿಂದಲೇ ಒಂದು ಅಧ್ಯಾಯ ಹುಟ್ಟುತ್ತದೆ.

ಇನ್ನು ಅವಳ ಕೈಯ ಕೆಲಸ. ರಕ್ತ ನಿಲ್ಲಿಸುವುದರಿಂದ ಶುರು ಮಾಡೋಣ. ಕಲ್ಪನಾ ಕಥೆಗಳಲ್ಲಿ ಯಾರೋ ಸೊಪ್ಪು ಜಗಿದು ಮೆತ್ತುತ್ತಾರೆ, ರಕ್ತ ನಿಂತುಬಿಡುತ್ತದೆ. ನಿಜದಲ್ಲಿ ನಿಲ್ಲಿಸುವುದು ಒತ್ತಡ. ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, ಮೊಣಕೈ ನೇರ ಮಾಡಿ, ಮೈಭಾರವೆಲ್ಲ ಹಾಕಿ ಒತ್ತಬೇಕು. ನಿಂತಿತಾ ಅಂತ ಎತ್ತಿ ನೋಡಬಾರದು. ಎತ್ತಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದನ್ನು ಇಡಬೇಕು. ಹತ್ತು ನಿಮಿಷ ಹಾಗೆ ಒತ್ತಿ ಹಿಡಿದು ನೋಡಿ, ಭುಜ ನಡುಗುತ್ತದೆ, ಬೆರಳು ಜೋಮು ಹಿಡಿಯುತ್ತದೆ. ತೊರೆಯ ಬಳಿ ಗಡಿಯಾರ ಇಲ್ಲ. ಆ ಹೊತ್ತನ್ನು ಅವಳು ಹೇಗೆ ಅಳೆಯುತ್ತಾಳೆ? ಅಜ್ಜಿ ಕಲಿಸಿದ ಒಂದು ಜೋಗುಳವನ್ನು ಮೆಲ್ಲಗೆ ಮೂರು ಸಲ ಹಾಡುತ್ತಾಳೆ ಅಂತಿಟ್ಟುಕೊಳ್ಳಿ. ಮೂರನೇ ಸಲ ಮುಗಿಯುವವರೆಗೆ ಕೈ ಎತ್ತುವಂತಿಲ್ಲ. ಊರಿನವರಿಗೆಲ್ಲ ಆ ಹಾಡು ಗೊತ್ತು. ಅದು ಕೇಳಿಸಿದರೆ ಎಲ್ಲೋ ಯಾರಿಗೋ ರಕ್ತ ಸೋರುತ್ತಿದೆ ಅಂತ ಅರ್ಥ. ಈ ಹಾಡನ್ನು ನೆನಪಿಟ್ಟುಕೊಳ್ಳಿ, ಆರನೇ ಅಧ್ಯಾಯಕ್ಕೆ ಬೇಕಾಗುತ್ತದೆ.

ಬಾಣದ ವಿಷಯಕ್ಕೆ ಬರೋಣ. ನಿಮ್ಮ ಎರಡನೇ ಅಧ್ಯಾಯದಲ್ಲಿ ಎದೆಗೆ ನೆಟ್ಟ ಬಾಣವನ್ನು ಅವಳು ಒಂದೇ ಏಟಿಗೆ ಕಿತ್ತು ಎಸೆಯುತ್ತಾಳೆ. ದಯವಿಟ್ಟು ಅದನ್ನು ಬದಲಿಸಿ. ಎಳೆದರೆ ಬರುವುದು ಕಡ್ಡಿ. ಅಲಗು ಒಳಗೇ ಉಳಿಯುತ್ತದೆ, ಕೊಕ್ಕೆಯಿದ್ದರೆ ಮಾಂಸ ಹರಿದುಕೊಂಡು ಬರುತ್ತದೆ. ನಮ್ಮ ಹಳೆಯ ವೈದ್ಯದಲ್ಲಿ ಶಸ್ತ್ರಚಿಕಿತ್ಸೆಗೆ ಶಲ್ಯತಂತ್ರ ಅಂತಲೇ ಹೆಸರು. ಶಲ್ಯ ಅಂದರೆ ಬಾಣದ ಹಾಗೆ ಮೈಯೊಳಗೆ ಹೊಕ್ಕು ನೋಯಿಸುವ ವಸ್ತು. ಹೊಕ್ಕ ದಾರಿಯಲ್ಲೇ ಹಿಂದಕ್ಕೆ ತೆಗೆಯುವುದೋ, ಮುಂದಕ್ಕೆ ದಾಟಿಸಿ ಆಚೆ ತೆಗೆಯುವುದೋ ಅಂತ ಸುಶ್ರುತ ಸಂಹಿತೆ ಎರಡು ದಾರಿ ಹೇಳುತ್ತದೆ. ಅದೇ ಗ್ರಂಥದಲ್ಲಿ ಶಿಷ್ಯರು ಮೊದಲು ಕುಂಬಳ, ಸೋರೆಯಂಥ ಕಾಯಿಗಳ ಮೇಲೆ ಕೊಯ್ದು ಕಲಿಯಬೇಕು ಅಂತಿದೆ. ತೊರೆ ಯಾವುದರ ಮೇಲೆ ಕಲಿತಳು? ಒಂದು ಸಾಲಾದರೂ ಬರೆಯಿರಿ. ಹದಿನೇಳಕ್ಕೇ ಇಷ್ಟು ಬಲ್ಲವಳಾದರೆ ಹತ್ತನೇ ವಯಸ್ಸಿಗೇ ಯಾರದೋ ಪಕ್ಕ ದೀಪ ಹಿಡಿದು ನಿಂತಿರಬೇಕಲ್ವಾ?

ಅವಸರವಿಲ್ಲದೆ ಬಾಣ ತೆಗೆದ ಒಂದು ನಿಜ ಘಟನೆ ಹೇಳುತ್ತೇನೆ, ಇದು ನನಗೆ ಬಹಳ ಇಷ್ಟ. 1403ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಯುದ್ಧದಲ್ಲಿ ರಾಜಕುಮಾರ ಹೆನ್ರಿಯ ಮುಖಕ್ಕೆ ಮೂಗಿನ ಪಕ್ಕ ಬಾಣ ನೆಟ್ಟಿತು. ಆಗ ಅವನಿಗೆ 16 ವರ್ಷ. ಕಡ್ಡಿ ಬಂತು, ಅಲಗು ಸುಮಾರು ಆರು ಇಂಚು ಆಳದಲ್ಲಿ ಸಿಕ್ಕಿಕೊಂಡಿತು. ಬೇರೆ ವೈದ್ಯರ ಕೈಲಿ ಆಗಲಿಲ್ಲ. ಜಾನ್ ಬ್ರಾಡ್ಮೋರ್ ಎಂಬ ಸರ್ಜನ್ ಬಂದ. ಅವನು ಮೊದಲು ಮಾಡಿದ್ದು ದಾರಿ ಅಗಲಿಸುವ ಕೆಲಸ. ಒಣಗಿಸಿದ ಮೃದುವಾದ ದಿಂಡಿನ ಕಡ್ಡಿಗಳಿಗೆ ಶುಭ್ರ ಬಟ್ಟೆ ಸುತ್ತಿ ಹೊಲಿದು, ಜೇನಿನಲ್ಲಿ ಅದ್ದಿ ಗಾಯದೊಳಗೆ ಇಟ್ಟ. ಸಣ್ಣದು, ಆಮೇಲೆ ಸ್ವಲ್ಪ ದಪ್ಪನೆಯದು, ಆಮೇಲೆ ಇನ್ನೂ ದಪ್ಪನೆಯದು. ದಾರಿ ಅಲಗಿನವರೆಗೆ ತೆರೆದ ಮೇಲೆ ಈ ಕೆಲಸಕ್ಕೆಂದೇ ಮಾಡಿಸಿದ, ತಿರುಪು ಇದ್ದ ಸಣ್ಣ ಇಕ್ಕಳವನ್ನು ಇಳಿಸಿ, ಕಡ್ಡಿ ಸೇರಿಸುವ ಅಲಗಿನ ಕೊಳವೆಯೊಳಗೆ ಬಿಗಿಯಾಗಿ ಕೂರಿಸಿ, ಅತ್ತಿತ್ತ ಮೆಲ್ಲಗೆ ಆಡಿಸಿ ತೆಗೆದ. ಬಿಳಿ ವೈನಿನಲ್ಲಿ ತೊಳೆದ. ಆಮೇಲೂ ಗಾಯದ ಬಾಯಿ ಮುಚ್ಚಲು ಬಿಡಲಿಲ್ಲ. ಒಳಗಿಟ್ಟ ಜೇನಿನ ಬತ್ತಿಯನ್ನು ಎರಡೆರಡು ದಿನಕ್ಕೆ ಚಿಕ್ಕದು ಮಾಡುತ್ತಾ ತಳದಿಂದ ಮಾಯಿಸಿದ. 20 ದಿನ ಹಿಡಿಯಿತು. ಆ ಹುಡುಗ ಮುಂದೆ ಐದನೇ ಹೆನ್ರಿಯಾಗಿ ಪಟ್ಟವೇರಿದ. ಯಾವ ಮಾಯೆಯೂ ಇಲ್ಲ, ಆದರೂ ಉಸಿರು ಹಿಡಿದು ಓದಬೇಕು ಅನಿಸುವುದಿಲ್ವಾ?

ಜೇನು ಯಾಕೆ ಅಂತ ಕೇಳಬಹುದು. ಜೇನು ಗಾಯದ ನೀರನ್ನು ಎಳೆದುಕೊಳ್ಳುತ್ತದೆ. ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದು ಕಷ್ಟ. ತೊರೆಗೆ ಸೂಕ್ಷ್ಮಜೀವಿ ಅಂದರೇನು ಅಂತ ಗೊತ್ತಿರಬೇಕಿಲ್ಲ. ಕುದಿಸಿದ ನೀರಲ್ಲಿ ತೊಳೆದು ಜೇನು ಹಾಕಿದ ಗಾಯ ನಾತ ಬರುವುದಿಲ್ಲ, ಹೊಳೆ ನೀರಲ್ಲಿ ತೊಳೆದದ್ದು ಮೂರನೇ ದಿನಕ್ಕೆ ನಾತ ಬರುತ್ತದೆ. ಇಷ್ಟು ಅವಳು ಮೂಸಿ ಮೂಸಿ ಕಲಿತಿದ್ದರೆ ಸಾಕು. ಗಿಡಮೂಲಿಕೆಗಳ ಹೆಸರನ್ನು ಉದ್ದಕ್ಕೆ ಪೇರಿಸಬೇಡಿ. ನೋವಿಗೆ ಗಸಗಸೆ ಗಿಡದ ಹಾಲು ಇರಲಿ. ಅದು ಅಳತೆ ಮೀರಿದರೆ ಉಸಿರೇ ನಿಲ್ಲುತ್ತದೆ ಅನ್ನುವ ಹೆದರಿಕೆಯೂ ಅದರ ಜೊತೆಗಿರಲಿ. ಜ್ವರಕ್ಕೆ ಒಂದು ತೊಗಟೆಯ ಕಷಾಯ ಇರಲಿ. ಅದಕ್ಕಿಂತ ಹೆಚ್ಚು ಬೇಡ.

ತಪ್ಪು ಮಾಡಲು ಅವಳನ್ನು ಬಿಡಿ. ಅವಳ ಕರುಣೆ ಹತ್ತಿರದಿಂದ ಕಾಣುವುದು ಅಲ್ಲೇ. ಫ್ರಾನ್ಸಿನ ಆಂಬ್ರೋಸ್ ಪಾರೆ 1537ರಲ್ಲಿ ಯುದ್ಧಕ್ಕೆ ಹೋದಾಗ ಇಪ್ಪತ್ತರ ಹರೆಯದ ಹುಡುಗ. ಗುಂಡೇಟಿನ ಗಾಯದಲ್ಲಿ ವಿಷವಿರುತ್ತದೆ, ಕುದಿಯುವ ಎಣ್ಣೆ ಸುರಿಯಬೇಕು ಅನ್ನುವುದು ಆಗಿನ ಪಾಠ. ಒಂದು ದಿನ ಎಣ್ಣೆ ಮುಗಿಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಎಣ್ಣೆ ಸುರಿಯದವರು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾರೆ ಅನ್ನುವ ಭಯದಲ್ಲಿ ಅವನಿಗೆ ನಿದ್ದೆ ಬರಲಿಲ್ಲ. ಬೇಗ ಎದ್ದು ನೋಡಲು ಹೋದ. ಲೇಪ ಹಚ್ಚಿದವರು ಹೆಚ್ಚು ನೋವಿಲ್ಲದೆ ಮಲಗಿದ್ದರು. ಎಣ್ಣೆ ಸುರಿದವರಿಗೆ ಜ್ವರ, ಬಾವು, ತಡೆಯಲಾರದ ನೋವು. ಇನ್ನು ಮುಂದೆ ಯಾರನ್ನೂ ಹೀಗೆ ಸುಡುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದ. ನಿದ್ದೆ ಬಾರದೆ ಎದ್ದು ಹೋಗಿ ನೋಡಿದ ಆ ಬೆಳಗನ್ನು ತೊರೆಗೂ ಕೊಡಿ. ಅಜ್ಜಿ ಕಲಿಸಿದ ಒಂದು ಮದ್ದು ಜನರನ್ನು ನೋಯಿಸುತ್ತಿತ್ತು ಅಂತ ಅವಳಿಗೆ ಗೊತ್ತಾಗಲಿ. ಅಜ್ಜಿಯ ಮೇಲೆ ಅಷ್ಟು ಪ್ರೀತಿ ಇರುವವಳಿಗೆ ಅದನ್ನು ಒಪ್ಪಿಕೊಳ್ಳುವುದು ಸುಲಭವಾಗಿರುವುದಿಲ್ಲ.

ಅವಳ ಕೈಲಿ ಆಗದ್ದೂ ಬೇಕಾದಷ್ಟಿದೆ. ಹೊಟ್ಟೆಯ ಒಳಗೆ ಕರುಳು ತೂತಾದರೆ ಆ ಕಾಲದಲ್ಲಿ ಬದುಕುತ್ತಿದ್ದವರು ತೀರಾ ಅಪರೂಪ. 1030ರಲ್ಲಿ ನಾರ್ವೆಯ ಸ್ಟಿಕ್ಲೆಸ್ಟಾಡ್‌ನಲ್ಲಿ ಯುದ್ಧ ನಡೆಯಿತು. ಅದರ ಬಗ್ಗೆ ಇರುವ ಹಳೆಯ ಕಥನದಲ್ಲಿ ಒಬ್ಬ ಮದ್ದಿನ ಹೆಂಗಸು ಬರುತ್ತಾಳೆ. ಈರುಳ್ಳಿ ಜಾತಿಯ ಗೆಡ್ಡೆ ಮತ್ತು ಸೊಪ್ಪು ಬೇಯಿಸಿ ಗಾಯಾಳುಗಳಿಗೆ ಉಣಿಸುತ್ತಾಳೆ. ಆಮೇಲೆ ಗಾಯವನ್ನು ಮೂಸುತ್ತಾಳೆ. ಉಂಡದ್ದರ ಈರುಳ್ಳಿ ವಾಸನೆ ಗಾಯದಿಂದ ಬಂದರೆ ಕರುಳು ತೂತಾಗಿದೆ ಎಂದರ್ಥ. ಒಂದು ಬಟ್ಟಲು ಗಂಜಿ, ಅದರಲ್ಲೇ ತೀರ್ಪು. ಕುಡಿಯುವವನಿಗೂ ಅದು ಗೊತ್ತಿದ್ದರೆ? ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾನೋ, ಅವಳ ಮುಖ ನೋಡುತ್ತಾ ಕುಡಿಯುತ್ತಾನೋ? ನನಗೆ ಕಾದಂಬರಿ ಬರೆಯಲು ಬರುವುದಿಲ್ಲ. ಬಂದಿದ್ದರೆ ಈ ಬಟ್ಟಲಿನ ಸುತ್ತ ಹತ್ತು ಪುಟ ಬರೆಯುತ್ತಿದ್ದೆ.

ನಿಮ್ಮ ಐದೂ ಅಧ್ಯಾಯಗಳಲ್ಲಿ ಕತ್ತಿ ಬಾಣ ಬಿಟ್ಟರೆ ಬೇರೆ ಸಾವೇ ಇಲ್ಲ. ಹನ್ನೊಂದು ವರ್ಷದ ಯುದ್ಧದಲ್ಲಿ ಕತ್ತಿಗಿಂತ ಜಾಸ್ತಿ ಜನರನ್ನು ಕೊಲ್ಲುವುದು ಕೊಳಕು ನೀರು, ಹಸಿವು, ಜ್ವರ. 1850ರ ದಶಕದ ಕ್ರಿಮಿಯಾ ಯುದ್ಧದಲ್ಲೂ ಬ್ರಿಟಿಷ್ ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ರೋಗದಿಂದ ಸತ್ತರು. ಗಡಿಯ ಹಳ್ಳಿಗೆ ಊರು ಬಿಟ್ಟವರು ಬಂದೇ ಬರುತ್ತಾರೆ. ಒಂದೇ ಬಾವಿ, ನಾಲ್ಕು ಪಟ್ಟು ಜನ. ವಾಂತಿ ಭೇದಿ ಶುರುವಾಗುತ್ತದೆ. ಇಲ್ಲಿ ಅವಳಿಂದ ನಿಜವಾದ ಪವಾಡ ಮಾಡಿಸಬಹುದು. 1971ರ ಬಾಂಗ್ಲಾದೇಶದ ಯುದ್ಧದಲ್ಲಿ ಗಡಿ ದಾಟಿ ಬಂದವರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ಡಾಕ್ಟರ್ ದಿಲೀಪ್ ಮಹಲನಬಿಸ್ ಅಲ್ಲಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂತು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ತೊರೆಯ ಲೋಕದಲ್ಲಿ ಉಪ್ಪಿದೆ, ಸಿಹಿಯಿದೆ, ಕುದಿಸಿದ ನೀರಿದೆ. ಬೇಕಾಗಿರುವುದು ರಾತ್ರಿಯಿಡೀ ಎಚ್ಚರವಿದ್ದು ಗುಟುಕು ಗುಟುಕಾಗಿ ಕುಡಿಸುವವರು. ಅವಳೊಬ್ಬಳಿಂದ ಆಗುವುದಿಲ್ಲ. ಊರಿನ ಹೆಂಗಸರಿಗೆ, ಮಕ್ಕಳಿಗೆ ಕಲಿಸಬೇಕು. 'ಕಣ್ಣೀರಿನಷ್ಟು ಉಪ್ಪಿರಲಿ, ಜಾಸ್ತಿ ಆಗಬಾರದು' ಅಂತ ಅವಳು ಹೇಳಿಕೊಡಲಿ. ಅವಳ ಕಣ್ಣೀರನ್ನು ಹೀಗೆ ಬಳಸಿದರೆ ಗೆಳತಿಯರು ದೂರುವುದಿಲ್ಲ.

ಇದರ ಜೊತೆಗೆ ಯುದ್ಧವಿದೆ ಅಂತ ಹೆರಿಗೆ ನಿಲ್ಲುವುದಿಲ್ಲ, ಹಲ್ಲುನೋವೂ ನಿಲ್ಲುವುದಿಲ್ಲ. ಅವಳ ದಿನದ ಅರ್ಧ ಅದೇ. ಒಂದೆರಡು ಕಡೆ ಸೇರಿಸಿ.

ಅಂಗೈಯ ಶಕ್ತಿಯ ಬಗ್ಗೆ ಒಂದೇ ಸಲಹೆ. ಅದನ್ನು ಇಟ್ಟುಕೊಳ್ಳಿ, ಆದರೆ ಮೈಯ ನಿಯಮಕ್ಕೆ ಒಳಪಡಿಸಿ. ಕೊಳಕಾದ ಗಾಯವನ್ನು ನಾವು ಸರ್ಜನ್ನರು ತಕ್ಷಣ ಹೊಲಿಯುವುದಿಲ್ಲ. ಮಣ್ಣು, ಬಟ್ಟೆಯ ಚೂರು ಒಳಗಿದ್ದು ಮೇಲೆ ಚರ್ಮ ಮುಚ್ಚಿದರೆ ನಂಜು ಒಳಗೇ ಬೆಳೆಯುತ್ತದೆ. ತೊರೆಯ ಅಂಗೈ ಚರ್ಮವನ್ನು ಕೂಡಿಸಬಲ್ಲದು, ಕೊಳೆಯನ್ನು ತೆಗೆಯಲಾರದು ಅಂತಿಟ್ಟುಕೊಳ್ಳಿ. ಆಗ ಮೊದಲು ತೊಳೆಯಬೇಕು, ಕೊಯ್ಯಬೇಕು, ಕಾಯಬೇಕು, ಆಮೇಲೆ ಶಕ್ತಿ. ಚಿಕ್ಕವಳಿದ್ದಾಗ ಇದು ಗೊತ್ತಿಲ್ಲದೆ ಒಂದು ಗಾಯ ಮುಚ್ಚಿದ್ದಳು, ಆ ಗಾಯಾಳು ಐದನೇ ದಿನ ಸತ್ತ ಅಂತ ಇದ್ದರೆ, ಈಗ ಎಲ್ಲರೂ 'ಕೈ ಇಡು, ಕೈ ಇಡು' ಅಂತ ಕೂಗುವಾಗ ಅವಳು ಯಾಕೆ ಇಡುವುದಿಲ್ಲ ಅಂತ ಓದುಗರಿಗೆ ಮಾತ್ರ ಗೊತ್ತಿರುತ್ತದೆ.

ಈಗ ಬಾಗಿಲಲ್ಲಿ ನಿಂತ ಶತ್ರು. ನೀವು ಬರೆದಿಟ್ಟಿರುವ ಕರಡಿನಲ್ಲಿ ತೊರೆ 'ನನಗೆ ಎಲ್ಲರೂ ಮನುಷ್ಯರೇ' ಅಂತ ಒಂದು ಭಾಷಣ ಮಾಡುತ್ತಾಳೆ. ತೆಗೆದುಬಿಡಿ. ಆ ಮಾತು ಒಂದು ಕಾಲದಲ್ಲಿ ನಿಜವಾಗಿ ಹುಟ್ಟಿದ್ದು ಹೇಗೆ ನೋಡಿ. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ದೊಡ್ಡ ಯುದ್ಧವಾಯಿತು. ಪಕ್ಕದ ಕಾಸ್ಟಿಲಿಯೋನೆ ಊರಿನ ಚರ್ಚುಗಳು, ಮನೆಗಳು, ಬೀದಿಗಳು ಗಾಯಾಳುಗಳಿಂದ ತುಂಬಿದವು. ವ್ಯಾಪಾರದ ಕೆಲಸದ ಮೇಲೆ ಬಂದಿದ್ದ ಹೆನ್ರಿ ಡ್ಯುನಾಂಟ್ ಅಲ್ಲೇ ಉಳಿದ. ಅವನು ಡಾಕ್ಟರ್ ಅಲ್ಲ. ಊರಿನ ಹೆಂಗಸರು, ಹುಡುಗಿಯರು ನೀರು, ಬಟ್ಟೆ, ಸಾರು ತಂದರು. ಯಾವ ಸೈನ್ಯದವನು ಅಂತ ನೋಡದೆ ಕೊಟ್ಟರು. 'ತುತ್ತಿ ಫ್ರಾತೆಲ್ಲಿ' ಅಂದರು, ಎಲ್ಲರೂ ಅಣ್ಣತಮ್ಮಂದಿರು ಅಂತ. ಕೈಯಲ್ಲಿ ನೀರಿನ ಪಾತ್ರೆ ಹಿಡಿದು ಓಡಾಡುತ್ತಾ ಹೇಳಿದ ಎರಡು ಪದ ಅಷ್ಟೇ. ಯುದ್ಧದ ಗಾಯಾಳುಗಳ ರಕ್ಷಣೆಗೆ ದೇಶಗಳು ಮಾಡಿಕೊಂಡ 1864ರ ಜಿನೀವಾ ಒಪ್ಪಂದಕ್ಕೆ ಆ ದಿನಗಳೇ ಕಾರಣ. ಆ ಒಪ್ಪಂದದ ಐದನೇ ಕಲಮಿನಲ್ಲಿ ನಿಮ್ಮ ಕಥೆಗೆ ಬೇಕಾದ ಒಂದು ಮಾತಿದೆ. ಗಾಯಾಳುವನ್ನು ಇಟ್ಟುಕೊಂಡು ಆರೈಕೆ ಮಾಡುವ ಮನೆಗೆ ಆ ಗಾಯಾಳುವೇ ರಕ್ಷಣೆ. ಆ ಮನೆಯನ್ನು ಮುಟ್ಟುವಂತಿಲ್ಲ. ತೊರೆಯ ಲೋಕದಲ್ಲಿ ಈ ಒಪ್ಪಂದ ಇನ್ನೂ ಹುಟ್ಟಿಲ್ಲ. ಅಲ್ಲಿ ಗಾಯಾಳು ಒಳಗೆ ಬಂದರೆ ಅವನ ಹಿಂದೆಯೇ ಅಪಾಯವೂ ಬರುತ್ತದೆ.

ಆ ಸೈನಿಕನನ್ನು ಸುಂದರಾಂಗ ಮಾಡಬೇಡಿ. ಅವಳ ಅಪ್ಪನನ್ನು ಕೊಂದವನೇ ಅವನು ಅಂತಲೂ ಮಾಡಬೇಡಿ. ಸೈನ್ಯದಲ್ಲಿ ಹೇಸರಗತ್ತೆ ಕಾಯುವವನಾಗಿರಲಿ. ಅವಳಿಗೆ ಅವನ ಭಾಷೆ ಅರ್ಧ ಮಾತ್ರ ತಿಳಿಯಲಿ. ಅವನಿಗೂ ಅವಳ ಭಯ ಇರಲಿ. ಕಷಾಯ ಕೊಟ್ಟರೆ ವಿಷ ಅಂತ ತುಟಿ ಬಿಗಿಹಿಡಿಯುತ್ತಾನೆ. ಅವಳು ಮೊದಲು ತಾನೇ ಒಂದು ಗುಟುಕು ಕುಡಿದು ತೋರಿಸುತ್ತಾಳೆ. ಆಮೇಲೆ ಚೀಲ ಬಿಚ್ಚುತ್ತಾಳೆ. ಕುದಿಸಿ ಒಣಗಿಸಿಟ್ಟ ಬಟ್ಟೆ ಉಳಿದಿರುವುದು ನಾಲ್ಕು ತುಂಡು. ಪಕ್ಕದ ಮನೆಯ ಸೊಸೆಗೆ ದಿನ ತುಂಬಿದೆ, ಇವತ್ತೋ ನಾಳೆಯೋ ಹೆರಿಗೆ. ಆ ಬಟ್ಟೆ ಅವಳಿಗೆ ಅಂತ ಎತ್ತಿಟ್ಟದ್ದು. ಪಕ್ಕದ ಮನೆಯ ಗಂಡಸರಿಬ್ಬರೂ ಈ ಯುದ್ಧದಲ್ಲೇ ಸತ್ತಿದ್ದಾರೆ. ಇಲ್ಲಿ ಹೇಸರಗತ್ತೆಯವನ ತೊಡೆಯಿಂದ ರಕ್ತ ನೆಲಕ್ಕೆ ಇಳಿಯುತ್ತಿದೆ. ತೊರೆಗೆ ಕೋಪ ಬರಲಿ, ಅವನ ಮೇಲೆ, ಅವನು ಬಡಿದ ಬಾಗಿಲಿನ ಮೇಲೆ, ತನ್ನ ಮೇಲೆ. ಆ ಕೋಪದಲ್ಲೇ ಅವಳು ಎರಡು ತುಂಡು ತೆಗೆದು ಮಡಿಸಿ ಗಾಯದ ಮೇಲಿಟ್ಟು ಒತ್ತಲಿ.

ಒತ್ತಿದ ಮೇಲೆ ಹೊತ್ತು ಅಳೆಯಬೇಕಲ್ವಾ? ಎಷ್ಟೋ ವರ್ಷದ ಅಭ್ಯಾಸ, ಬಾಯಿ ತಾನಾಗಿ ಜೋಗುಳ ಶುರು ಮಾಡುತ್ತದೆ. ನಡುರಾತ್ರಿ, ಬಾಗಿಲು ಮುಚ್ಚಿದೆ, ಊರೆಲ್ಲ ನಿಶ್ಶಬ್ದ. ಎರಡನೇ ಸಲ ಹಾಡುವಾಗ ಪಕ್ಕದ ಮನೆಯ ಅತ್ತೆಗೆ ಎಚ್ಚರವಾಗುತ್ತದೆ. ಹಾಡು ಕೇಳಿಸಿಕೊಂಡು ಮೊದಲು ಸೊಸೆಯನ್ನು ಮುಟ್ಟಿ ನೋಡುತ್ತಾಳೆ. ಸೊಸೆ ನಿದ್ದೆಯಲ್ಲಿದ್ದಾಳೆ. ಮುದುಕಿ ಕತ್ತಲಲ್ಲಿ ಎದ್ದು ಕೂತು ಊರಿನ ಮನೆಗಳನ್ನು ಒಂದೊಂದಾಗಿ ಎಣಿಸತೊಡಗುತ್ತಾಳೆ, ಯಾರ ಮನೆಯವರು, ಯಾರಿಗೆ ಏನಾಯಿತು ಅಂತ. ಯಾರ ಮನೆಯಿಂದಲೂ ಯಾರೂ ಹೊರಗೆ ಹೋದ ಸದ್ದಿಲ್ಲ. ಅಲ್ಲಿ ತೊರೆ ಮೂರನೇ ಸಲ ಹಾಡು ಶುರು ಮಾಡಿದ್ದಾಳೆ, ಅವಳಿಗೆ ಕೈ ಎತ್ತುವಂತಿಲ್ಲ. ಮುದುಕಿ ದೀಪ ಹಚ್ಚಿಕೊಂಡು ಅಂಗಳ ದಾಟಿ ಬರುತ್ತಿದ್ದಾಳೆ. ಆರನೇ ಅಧ್ಯಾಯವನ್ನು ಅಲ್ಲಿಗೆ ನಿಲ್ಲಿಸಿ, ಏಳನೆಯದನ್ನು ಬರೆದು ನನಗೆ ಕಳಿಸಿ.